ಮೊದಲು ಪೆಟ್ರೋಲ್ ಲೈನ್, ಕೊನೆಗೆ ಟರ್ಬೊ

ಮಾನ್ಯ ಸಂಪಾದಕರೇ,

ಹಳೆಯ ಜೀಪಿನ ಚಾಸಿ ತಂದು, ಹಿಂದೆ ತೊಟ್ಟಿ ಕಟ್ಟಿಸಿ, ಜಿಪ್ಸಿ ಎಂಜಿನ್ ಕೂರಿಸಿ ತಮ್ಮದೇ ಪಿಕಪ್ ಟ್ರಕ್ ಮಾಡಿಕೊಳ್ಳುವ ಹುಡುಗರು ಮೈಸೂರಿನಲ್ಲೂ ಇದ್ದಾರೆ, ಮಂಡ್ಯದ ಹಳ್ಳಿಗಳಲ್ಲೂ ಇದ್ದಾರೆ. ತೋಟದ ಕೆಲಸಕ್ಕೆ, ಕೆಸರಿನಲ್ಲಿ ಓಡಿಸುವ ಸ್ಪರ್ಧೆಗೆ, ಇಲ್ಲವೇ ಎಂಜಿನ್ ಕೆಲಸ ಕಲಿಯುವ ಆಸೆಗೆ ಅವರು ಇದನ್ನು ಮಾಡುತ್ತಾರೆ. ಗಾಡಿ ಒಮ್ಮೆ ಓಡತೊಡಗಿದರೆ ಮುಂದಿನ ಆಸೆ ಟರ್ಬೊ, ಅಂದರೆ ಹೊರಹೋಗುವ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಚಕ್ರ. ಗುಜರಿಯಲ್ಲಿ ಡೀಸೆಲ್ ಕಾರಿನ ಟರ್ಬೊ ಅಗ್ಗಕ್ಕೆ ಸಿಗುತ್ತದೆ, ವೆಲ್ಡಿಂಗ್ ಅಂಗಡಿಯಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆ ಹೊರಹೋಗುವ ಕವಲು ಪೈಪು) ಕಟ್ಟಿಕೊಡುತ್ತಾರೆ. ಪೆಟ್ರೋಲ್ ಪಂಪು, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ಎಂಜಿನ್ನನ್ನು ನಡೆಸುವ ಕಂಪ್ಯೂಟರ್ ಆದ ಇಸಿಯು ಮಾತ್ರ ಕಂಪನಿ ಕೊಟ್ಟವೇ ಉಳಿಯುತ್ತವೆ. ಕೆಲವು ದಿನ ಗಾಡಿ ಚೆನ್ನಾಗಿ ಎಳೆಯುತ್ತದೆ. ಆಮೇಲೆ ಒಂದು ಸಿಲಿಂಡರಿನ ಕಂಪ್ರೆಷನ್ ಬೀಳುತ್ತದೆ, ಬ್ರೀದರ್ ಪೈಪಿನಲ್ಲಿ ಹೊಗೆ ಕಾಣುತ್ತದೆ, ಆಯಿಲ್ ಕರಗುತ್ತದೆ. ಬಿಚ್ಚಿ ನೋಡಿದರೆ ಪಿಸ್ಟನ್ನಿನ ಮೊದಲ ಎರಡು ರಿಂಗುಗಳ ನಡುವಿನ ಅಂಚು ಒಡೆದಿರುತ್ತದೆ.

ಟರ್ಬೊ ಕೂರಿಸಿದ್ದರಿಂದ ಎಂಜಿನ್ ಹೋಯಿತು ಎಂದು ಎಲ್ಲರೂ ಹೇಳುತ್ತಾರೆ. ಹೆಚ್ಚಿನ ಸಲ ಅದು ನಿಜವಲ್ಲ. ಗಾಳಿ ಹೆಚ್ಚಾಯಿತು, ಅದಕ್ಕೆ ತಕ್ಕ ಪೆಟ್ರೋಲ್ ಬರಲಿಲ್ಲ, ಪ್ಲಗ್ಗಿನ ಕಿಡಿ ಹಿಂದಕ್ಕೆ ಸರಿಯಲಿಲ್ಲ, ಅಂದರೆ ತಡವಾಗಿ ಬೀಳಲಿಲ್ಲ. ಎಂಜಿನ್ ಸತ್ತದ್ದು ಅದರಿಂದ. ಕೆಲಸದ ಕ್ರಮವನ್ನು ತಲೆಕೆಳಗು ಮಾಡಿದರೆ ಇದೇ ಎಂಜಿನ್ ವರ್ಷಗಟ್ಟಲೆ ಬಾಳುತ್ತದೆ. ಆ ಕ್ರಮವನ್ನು ವಿವರವಾಗಿ ಬರೆಯುವುದಕ್ಕೂ, ನಮ್ಮ ಎರಡು ಜಿಲ್ಲೆಗಳ ತಾಂತ್ರಿಕ ಕಾಲೇಜುಗಳ ಮುಂದೆ ಒಂದು ಬೇಡಿಕೆ ಇಡುವುದಕ್ಕೂ ಈ ಪತ್ರ.

ಉದಾಹರಣೆಗೆ ಜಿಪ್ಸಿಯ 1298 ಸಿಸಿ, 16 ವಾಲ್ವಿನ, ಸಿಲಿಂಡರಿಗೊಂದು ಇಂಜೆಕ್ಟರ್ ಇರುವ ಎಂಪಿಎಫ್‌ಐ ಎಂಜಿನ್ನನ್ನೇ ತೆಗೆದುಕೊಳ್ಳೋಣ. ಬೋರ್ 74 ಮಿ.ಮೀ, ಸ್ಟ್ರೋಕ್ 75.5 ಮಿ.ಮೀ, ಕಂಪನಿಯ ಲೆಕ್ಕದಲ್ಲಿ 80 ಅಶ್ವಶಕ್ತಿ. ಒಳಗಿನ ಪಿಸ್ಟನ್, ಕನೆಕ್ಟಿಂಗ್ ರಾಡ್ ಬದಲಿಸದೆ ಇದಕ್ಕೆ ಹಾಕಬಹುದಾದ ಬೂಸ್ಟ್ (ಟರ್ಬೊ ಹೆಚ್ಚುವರಿಯಾಗಿ ಕೊಡುವ ಗಾಳಿಯ ಒತ್ತಡ) ಅರ್ಧ ಬಾರ್, ಅಂದರೆ ಸುಮಾರು 7 ಪಿಎಸ್‌ಐ. ಅಷ್ಟರಲ್ಲಿ 6000 ಆರ್‌ಪಿಎಂ ಹತ್ತಿರ 110 ಅಶ್ವಶಕ್ತಿ ನಿರೀಕ್ಷಿಸಬಹುದು. ಒಂದು ಬಾರ್ ಹಾಕಿ 150 ತೆಗೆಯುತ್ತೇವೆ ಎನ್ನುವವರು ಪಿಸ್ಟನ್, ರಾಡ್, ಗೇರ್‌ಬಾಕ್ಸ್ ಎಲ್ಲಕ್ಕೂ ಹಣ ತೆಗೆದಿಟ್ಟು ಮಾತಾಡಬೇಕು.

ಇನ್ನು ಪೆಟ್ರೋಲಿನ ಲೆಕ್ಕ. ಟರ್ಬೊ ಹಾಕಿದ ಪೆಟ್ರೋಲ್ ಎಂಜಿನ್ ಪೂರ್ತಿ ಎಳೆಯುವಾಗ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಕುಡಿಯುತ್ತದೆ. 110ಕ್ಕೆ ಗಂಟೆಗೆ 30 ಕೆ.ಜಿ, ನಾಲ್ಕು ಇಂಜೆಕ್ಟರಿಗೆ ಹಂಚಿದರೆ ತಲಾ 7.5 ಕೆ.ಜಿ. ಇಂಜೆಕ್ಟರನ್ನು ಅದರ ಶಕ್ತಿಯ ಶೇ 80ಕ್ಕಿಂತ ಮೇಲೆ ದುಡಿಸಬಾರದು. ಅದಕ್ಕೂ ಮೇಲೆ ಹೋದರೆ ಮುಚ್ಚಿಕೊಳ್ಳಲು ಸಮಯ ಸಿಗದೆ ಸಿಂಪಡಿಕೆ ಲೆಕ್ಕ ತಪ್ಪುತ್ತದೆ. ಆ ಲೆಕ್ಕದಲ್ಲಿ ನಿಮಿಷಕ್ಕೆ 210 ಸಿಸಿ ಬೇಕು. ಇದು ಬರೀ ಪೆಟ್ರೋಲಿನ ಮಾತು. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಇ20. ಬರೀ ಪೆಟ್ರೋಲಿನ ಒಂದು ಭಾಗಕ್ಕೆ 14.7 ಭಾಗ ಗಾಳಿ ಬೇಕಾದರೆ ಇ20ಗೆ ಹದಿಮೂರೂವರೆ ಭಾಗ ಸಾಕು. ಅಂದರೆ ಅಷ್ಟೇ ಗಾಳಿಗೆ ಶೇ 8ರಷ್ಟು ಹೆಚ್ಚು ಇಂಧನ ಸುರಿಯಬೇಕು. ನಿಮಿಷಕ್ಕೆ 270 ಸಿಸಿ ಸುರಿಯುವ ಇಂಜೆಕ್ಟರ್ ಹಾಕಿದರೆ ಕೈಯಲ್ಲಿ ಸ್ವಲ್ಪ ಉಳಿಕೆ ಇರುತ್ತದೆ. 550 ಸಿಸಿಯದು ಅಗ್ಗಕ್ಕೆ ಸಿಕ್ಕಿತು ಎಂದು ಹಾಕಿದರೆ ಐಡ್ಲಿಂಗ್‌ನಲ್ಲಿ ತೆರೆದಿರುವ ಕಾಲ ತೀರ ಚಿಕ್ಕದಾಗಿ ಎಂಜಿನ್ ನಡುಗುತ್ತಲೇ ಇರುತ್ತದೆ.

ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿದು ಇಂಜೆಕ್ಟರಿನ ರೆಸಿಸ್ಟೆನ್ಸ್ ನೋಡಬೇಕು. 12ರಿಂದ 16 ಓಮ್ ತೋರಿಸಿದರೆ ಸಾಮಾನ್ಯ ಇಸಿಯು ಅದನ್ನು ನೇರವಾಗಿ ನಡೆಸಬಲ್ಲದು. 2–3 ಓಮ್ ತೋರಿಸಿದರೆ ಅದಕ್ಕೆ ಬೇರೆ ಡ್ರೈವರ್ ಅಥವಾ ಸಾಲಿನಲ್ಲಿ ರೆಸಿಸ್ಟರ್ ಬೇಕು, ಇಲ್ಲದಿದ್ದರೆ ಇಸಿಯುವಿನ ಟ್ರಾನ್ಸಿಸ್ಟರ್ ಸುಡುತ್ತದೆ. ನಾಲ್ಕನ್ನೂ ಇಂಜೆಕ್ಟರ್ ಕ್ಲೀನಿಂಗ್ ಮಷೀನಿನಲ್ಲಿ ಕೂರಿಸಿ ಒಂದೇ ಹೊತ್ತು ಸುರಿಸಿ ಅಳೆಸಿ. ಒಂದಕ್ಕೊಂದು ಶೇ 3ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಸೈಲೆನ್ಸರಿನಲ್ಲಿ ಕೂರಿಸಿದ, ಗಾಳಿ–ಪೆಟ್ರೋಲ್ ಪ್ರಮಾಣ ಅಳೆಯುವ ಸೆನ್ಸರ್ ನಾಲ್ಕರ ಸರಾಸರಿಯನ್ನಷ್ಟೇ ಹೇಳುತ್ತದೆ. ಕಟ್ಟಿಕೊಂಡ ಒಂದು ಇಂಜೆಕ್ಟರಿನಿಂದ ಒಂದು ಸಿಲಿಂಡರ್ ಮಾತ್ರ ಒಣಗುತ್ತಿದ್ದರೆ ಅದು ಪಿಸ್ಟನ್ ಕರಗಿದ ಮೇಲೆಯೇ ಗೊತ್ತಾಗುವುದು.

ಪಂಪಿನ ವಿಷಯದಲ್ಲಿ ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬುವಂತಿಲ್ಲ. ಪಂಪು ಎಷ್ಟು ಸುರಿಯುತ್ತದೆ ಎಂಬುದು ಎದುರಿನ ಒತ್ತಡದ ಮೇಲೂ, ತಲುಪುವ ವೋಲ್ಟೇಜಿನ ಮೇಲೂ ನಿಂತಿದೆ. ಇ20ರ ಹೆಚ್ಚುವರಿಯೂ ಸೇರಿ ನಮಗೆ ಬೇಕಾದದ್ದು ಗಂಟೆಗೆ 44 ಲೀಟರ್; 3.5 ಬಾರ್ ಒತ್ತಡದಲ್ಲಿ ಅದರ ಎರಡರಷ್ಟು, ಅಂದರೆ 90 ಲೀಟರ್ ಸುರಿಯುವ ಪಂಪು ಹಾಕಿದರೆ ನಿಶ್ಚಿಂತೆ. ಅಳೆಯುವುದು ಸುಲಭ. ಎಂಜಿನ್ ನಿಲ್ಲಿಸಿ, ಬ್ಯಾಟರಿಗೆ ಚಾರ್ಜರ್ ಹಾಕಿ 13.5 ವೋಲ್ಟ್ ಇಟ್ಟು, ಪೆಟ್ರೋಲ್ ಒತ್ತಡ ಕಾಯುವ ರೆಗ್ಯುಲೇಟರಿನ ವ್ಯಾಕ್ಯೂಮ್ ತೂತಿಗೆ ಕೈಪಂಪಿನಿಂದ ಅರ್ಧ ಬಾರ್ ಗಾಳಿ ಕೊಟ್ಟು, ರಿಟರ್ನ್ ಪೈಪನ್ನು ಅಳತೆಯ ಕ್ಯಾನಿಗೆ ಬಿಡಿ. 30 ಸೆಕೆಂಡಿಗೆ 750 ಸಿಸಿ ಬಂದರೆ ಗಂಟೆಗೆ 90 ಲೀಟರ್ ಆಯಿತು. ಇದನ್ನು ಬಯಲಿನಲ್ಲೇ ಮಾಡಬೇಕು. ಹತ್ತಿರ ಬೆಂಕಿ, ಬೀಡಿ, ವೆಲ್ಡಿಂಗ್ ಯಾವುದೂ ಇರಕೂಡದು, ಎರಡು ಕೆ.ಜಿ.ಯ ಎಬಿಸಿ ಪೌಡರ್ ಸಿಲಿಂಡರ್ ಕೈಗೆಟಕುವಂತಿರಬೇಕು. ಕಡಿಮೆ ಬಂದರೆ ಪಂಪನ್ನು ಬೈಯುವ ಮೊದಲು ಪಂಪಿನ ತುದಿಯಲ್ಲೇ ವೋಲ್ಟೇಜ್ ನೋಡಿ. ಹಳೆಯ ಸಣ್ಣ ವೈರಿನಲ್ಲಿ ಒಂದೂವರೆ ವೋಲ್ಟ್ ಕಳೆದುಹೋಗಿರುವುದು ಅಪರೂಪವಲ್ಲ. ಬ್ಯಾಟರಿಯಿಂದ ನೇರ 2.5 ಚದರ ಮಿ.ಮೀ ವೈರು, 15 ಆಂಪಿಯರ್ ಫ್ಯೂಸು, ಒಂದು ಒಳ್ಳೆಯ ರಿಲೇ, ಇಷ್ಟು ಬೇಕೇ ಬೇಕು.

ರೆಗ್ಯುಲೇಟರ್ ಇಂಟೇಕ್ ಮ್ಯಾನಿಫೋಲ್ಡಿನ (ಗಾಳಿ ಒಳಹೋಗುವ ಕವಲು ಪೈಪಿನ) ಒತ್ತಡವನ್ನು ಹಿಂಬಾಲಿಸುವಂಥದ್ದಾಗಿರಬೇಕು, ರಿಟರ್ನ್ ಲೈನ್ ಇರಬೇಕು. ಒತ್ತಡ 3 ಬಾರಿಗೇ ನಿಂತುಬಿಟ್ಟರೆ, ಮ್ಯಾನಿಫೋಲ್ಡಿನಲ್ಲಿ ಅರ್ಧ ಬಾರ್ ಬೂಸ್ಟ್ ಏರಿದಾಗ ಇಂಜೆಕ್ಟರಿನ ಎರಡು ತುದಿಗಳ ನಡುವೆ ಉಳಿಯುವುದು ಎರಡೂವರೆ ಬಾರ್ ಮಾತ್ರ. ಪೆಟ್ರೋಲ್ ಅತಿ ಹೆಚ್ಚು ಬೇಕಾದ ಹೊತ್ತಿಗೇ ಅದು ಕಡಿಮೆಯಾಗುತ್ತದೆ. ರೆಗ್ಯುಲೇಟರಿನ ಸಣ್ಣ ಪೈಪನ್ನು ಥ್ರಾಟಲ್ (ಆಕ್ಸಿಲರೇಟರ್ ತೆರೆಯುವ ಗಾಳಿಯ ಬಾಗಿಲು) ದಾಟಿದ ಮೇಲೆ ಮ್ಯಾನಿಫೋಲ್ಡಿನಿಂದಲೇ ತೆಗೆಯಬೇಕು.

ಇ20ರ ಇನ್ನೊಂದು ಮುಖ ಹಳೆಯ ಟ್ಯಾಂಕಿನಲ್ಲಿ ಕಾಣುತ್ತದೆ. ತಗಡಿನ ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಕೂತ ತುಕ್ಕು, ಗೋಂದನ್ನು ಎಥನಾಲ್ ಎಬ್ಬಿಸಿ ಫಿಲ್ಟರಿಗೆ ತುಂಬುತ್ತದೆ. ನೀರನ್ನು ಹೀರಿಕೊಳ್ಳುವ ಗುಣವೂ ಅದಕ್ಕಿದೆ. ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ನೀರು ಬೆರೆತ ಎಥನಾಲ್ ಬೇರ್ಪಟ್ಟು ತಳ ಸೇರುತ್ತದೆ, ಪಂಪು ಮೊದಲು ಎಳೆಯುವುದು ಅದನ್ನೇ. ಟ್ಯಾಂಕ್ ಬಿಚ್ಚಿ ತೊಳೆಸಿ, ಪಂಪಿಗೆ ಮೊದಲು 100 ಮೈಕ್ರಾನ್, ಆಮೇಲೆ 10 ಮೈಕ್ರಾನ್ ಫಿಲ್ಟರ್ ಹಾಕಿ. ಕಾರ್ಬ್ಯುರೇಟರ್ ಗಾಡಿಯ ಮಾಮೂಲಿ ರಬ್ಬರ್ ಪೈಪು ಈ ಒತ್ತಡಕ್ಕೂ ಆಗದು, ಎಥನಾಲಿಗೂ ಆಗದು. ಪೈಪಿನ ಮೈಮೇಲೆ ‘ಎಸ್‌ಎಇ ಜೆ30 ಆರ್9’ ಎಂದು ಅಚ್ಚಾಗಿರುವುದನ್ನೇ ಕೇಳಿ ತನ್ನಿ. ಮಂಡ್ಯದ ಕಬ್ಬು ಅರೆದು ಉಳಿದ ಕಾಕಂಬಿಯಿಂದಲೂ ಆಗುವ ಇದೇ ಎಥನಾಲ್ ಟರ್ಬೊ ಎಂಜಿನ್ನಿಗೆ ಮಿತ್ರ ಎಂಬುದನ್ನೂ ಹೇಳಲೇಬೇಕು. ಹಿಂದಿನ ಮಾಮೂಲಿ ಪೆಟ್ರೋಲಿನ ಆಕ್ಟೇನ್ 91 ಇದ್ದರೆ ಇ20ರದು 95. ಜೊತೆಗೆ ಎಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರುತ್ತದೆ, ಒಳಗೆ ಹೋಗುವ ಗಾಳಿ ಅಷ್ಟು ತಣ್ಣಗಾಗುತ್ತದೆ. ನಾಕಿಂಗ್ (ಸಿಲಿಂಡರಿನೊಳಗೆ ಇಂಧನ ತಾನಾಗಿಯೇ ಸಿಡಿಯುವುದು) ವಿರುದ್ಧ ಇದು ದೊಡ್ಡ ಸಹಾಯ. ಸರಿಯಾದ ಪೈಪು, ಸರಿಯಾದ ಇಂಜೆಕ್ಟರ್ ಇದ್ದವರಿಗೆ ಇ20 ಬಗ್ಗೆ ಭಯ ಬೇಡ.

ಇಷ್ಟಾದ ಮೇಲೆ ಎಂಜಿನ್ನಿನ ಆರೋಗ್ಯ. ಕಂಪ್ರೆಷನ್ ಅಳೆದಾಗ ನಾಲ್ಕು ಸಿಲಿಂಡರುಗಳ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಟರ್ಬೊ ಮಾತು ಬಿಟ್ಟು ಮೊದಲು ಎಂಜಿನ್ ಬಿಚ್ಚಬೇಕು. ಹೇಗೂ ಬಿಚ್ಚಿದರೆ ರಿಂಗಿನ ಬಾಯಿ, ಅಂದರೆ ಅದರ ಎರಡು ತುದಿಗಳ ನಡುವಿನ ಸಂದು, ಬಿಡಿಸುವುದನ್ನು ಮರೆಯಬೇಡಿ. ಟರ್ಬೊ ಎಂಜಿನ್ನಿನಲ್ಲಿ ರಿಂಗ್ ಹೆಚ್ಚು ಕಾದು ಹೆಚ್ಚು ಹಿಗ್ಗುತ್ತದೆ. ಎರಡು ತುದಿಗಳು ಒಂದಕ್ಕೊಂದು ತಾಗಿದರೆ ರಿಂಗ್ ಹೊರಕ್ಕೆ ಒತ್ತಿ ಗೋಡೆಯನ್ನು ಗೀರುತ್ತದೆ, ಇಲ್ಲವೇ ಪಿಸ್ಟನ್ನಿನ ಅಂಚನ್ನು ಕಿತ್ತುಹಾಕುತ್ತದೆ. 74 ಮಿ.ಮೀ ಬೋರಿಗೆ ಮೇಲಿನ ರಿಂಗಿನ ಬಾಯಿ 0.35 ಮಿ.ಮೀ, ಎರಡನೆಯದು 0.40ರ ಹತ್ತಿರ ಇರಲಿ. ರಿಂಗನ್ನು ಬೋರಿನೊಳಗೆ ಇಳಿಸಿ, ಪಿಸ್ಟನ್ ತಲೆಯಿಂದ ಒತ್ತಿ ನೇರವಾಗಿ ಕೂರಿಸಿ, ಫೀಲರ್ ಗೇಜ್ ಹಾಕಿ ನೋಡಬೇಕು. ಉಜ್ಜುವಾಗ ಅರ ಒಂದೇ ದಿಕ್ಕಿನಲ್ಲಿ, ಹೊರಮೈಯಿಂದ ಒಳಕ್ಕೆ ಹೋಗಬೇಕು. ಬೋರಿಂಗ್ ಅಂಗಡಿಯವರಿಗೆ ಈ ಅಳತೆಯನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಒಳ್ಳೆಯದು, ಇಲ್ಲದಿದ್ದರೆ ಅವರು ಮಾಮೂಲಿ ಅಳತೆಗೇ ಕೂರಿಸುತ್ತಾರೆ. ಹೆಡ್ಡಿನ ಮೇಲೆ ಸ್ಟ್ರೇಟ್ ಎಡ್ಜ್ ಇಟ್ಟಾಗ 0.05 ಮಿ.ಮೀ ಫೀಲರ್ ಎಲ್ಲೂ ನುಸುಳಬಾರದು. ಗ್ಯಾಸ್ಕೆಟ್ ಹಲವು ಪದರದ ಉಕ್ಕಿನದಿರಲಿ. ಪ್ಲಗ್ ಒಂದು ಮೆಟ್ಟಿಲು ತಣ್ಣನೆಯದು, ಅಂದರೆ ಎನ್‌ಜಿಕೆ ಸಂಖ್ಯೆಯಲ್ಲಿ 6 ಇದ್ದರೆ 7. ಬಾಷ್‌ನಲ್ಲಿ ಸಂಖ್ಯೆ ಉಲ್ಟಾ ಓಡುತ್ತದೆ, ಜೋಪಾನ. ಗ್ಯಾಪ್ 0.7 ಮಿ.ಮೀ. ಹೆಚ್ಚು ಬಿಟ್ಟರೆ ಬೂಸ್ಟ್ ಏರಿದಾಗ ಕಿಡಿ ಆರಿಹೋಗಿ ಎಂಜಿನ್ ಕೆಮ್ಮುತ್ತದೆ.

ಇಸಿಯು ಬದಲಿಸದೆ ಪೆಟ್ರೋಲ್ ಒತ್ತಡ ಏರಿಸಿ ದಾರಿ ಕಂಡುಕೊಳ್ಳಬಹುದು ಎಂದು ಕೆಲವರು ಹೇಳುತ್ತಾರೆ. ಬೂಸ್ಟ್ ಒಂದು ಏರಿದರೆ ಒತ್ತಡ ನಾಲ್ಕು ಏರುವ ರೆಗ್ಯುಲೇಟರ್ ಸಿಗುವುದು ನಿಜ. ಆದರೆ ಅದು ಕಿಡಿಯ ಟೈಮಿಂಗನ್ನು ಒಂದು ಡಿಗ್ರಿಯೂ ಹಿಂದೆ ತರುವುದಿಲ್ಲ. ಇಂಟೇಕ್ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಕಂಪನಿಯ ಮ್ಯಾಪ್ ಸೆನ್ಸರ್ ವಾತಾವರಣದ ಒತ್ತಡದ ಆಸುಪಾಸಿನಲ್ಲೇ ನಿಲ್ಲುತ್ತದೆ, ಬೂಸ್ಟ್ ಬಂದದ್ದೇ ಇಸಿಯುವಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಮ್ಯಾಪನ್ನು, ಅಂದರೆ ಯಾವಾಗ ಎಷ್ಟು ಪೆಟ್ರೋಲ್, ಎಷ್ಟು ಟೈಮಿಂಗ್ ಎಂಬ ಪಟ್ಟಿಯನ್ನು, ನಾವೇ ಬರೆಯಬಹುದಾದ ಇಸಿಯು ಬೇಕು. ಸ್ಪೀಡುಯಿನೊ, ಮೆಗಾಸ್ಕ್ವರ್ಟ್ ಇವು ಕೈಗೆಟಕುವ ಬೆಲೆಯವು, ಅವುಗಳ ಸರ್ಕ್ಯೂಟೂ ವಿವರಣೆಯೂ ಎಲ್ಲರಿಗೂ ಓದಲು ಸಿಗುತ್ತವೆ. ಜೊತೆಗೆ ಎರಡೂವರೆ ಅಥವಾ 3 ಬಾರ್ ಅಳೆಯುವ ಮ್ಯಾಪ್ ಸೆನ್ಸರ್, ಇಂಟರ್‌ಕೂಲರ್ (ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ರೇಡಿಯೇಟರ್) ದಾಟಿದ ಮೇಲೆ ಗಾಳಿಯ ಶಾಖ ಅಳೆಯುವ ಸೆನ್ಸರ್, ಹೊಗೆಯಿಂದ ಗಾಳಿ–ಪೆಟ್ರೋಲ್ ಪ್ರಮಾಣ ಅಳೆಯುವ ಬಾಷ್ ಎಲ್‌ಎಸ್‌ಯು 4.9 ವೈಡ್‌ಬ್ಯಾಂಡ್ ಸೆನ್ಸರ್ ಮತ್ತು ಅದರ ಕಂಟ್ರೋಲರ್. ಈ ನಾಲ್ಕನ್ನು ಬಿಟ್ಟು ಟರ್ಬೊ ಮುಟ್ಟಬಾರದು.

ಈ ಹೊಸ ಇಸಿಯುವಿನ ಮೇಲೆ ಎಂಜಿನ್ನನ್ನು ಮೊದಲು ಟರ್ಬೊ ಇಲ್ಲದೆಯೇ ಓಡಿಸಬೇಕು. ಇದೇ ಈ ಪತ್ರದ ಮುಖ್ಯ ಮಾತು. ತಣ್ಣಗಿದ್ದಾಗ ಸ್ಟಾರ್ಟ್, ಬಿಸಿಯಿದ್ದಾಗ ಸ್ಟಾರ್ಟ್, ಐಡ್ಲಿಂಗ್, ಏರುದಾರಿ, ಎಲ್ಲವೂ ಸರಿಹೋಗುವ ತನಕ ಬೂಸ್ಟ್ ಯೋಚನೆ ಬೇಡ. ವೈರಿಂಗ್ ತಪ್ಪುಗಳೆಲ್ಲ ಈ ಹಂತದಲ್ಲೇ ಹೊರಬೀಳುತ್ತವೆ, ಬೂಸ್ಟ್ ಇಲ್ಲದಿರುವಾಗ ಅವು ಎಂಜಿನ್ನನ್ನು ಕೊಲ್ಲುವುದಿಲ್ಲ.

ವೈರಿಂಗ್‌ನಲ್ಲಿ ಎಲ್ಲರನ್ನೂ ಕಾಡುವುದು ಅರ್ತ್. ಇಸಿಯು, ಸೆನ್ಸರುಗಳ ಅರ್ತ್ ಎಲ್ಲ ಎಂಜಿನ್ ಬ್ಲಾಕಿನ ಒಂದೇ ಬೋಲ್ಟಿಗೆ, ಬಣ್ಣ ಕೆರೆದ ಬರಿಮೈಗೆ ಸೇರಬೇಕು. ಒಂದು ಬಾಡಿಗೆ, ಇನ್ನೊಂದು ಬ್ಲಾಕಿಗೆ ಕಟ್ಟಿದರೆ ಹೆಡ್‌ಲೈಟ್ ಹಾಕಿದಾಗಲೆಲ್ಲ ಸೆನ್ಸರಿನ ಅಂಕಿ ಜಾರುತ್ತದೆ. ಎಂಜಿನ್ ಎಲ್ಲಿಗೆ ತಿರುಗಿದೆ ಎಂದು ಹೇಳುವ ಕ್ರ್ಯಾಂಕ್ ಸೆನ್ಸರಿನ ವೈರು ಶೀಲ್ಡ್ ಇರುವಂಥದ್ದಾಗಿರಬೇಕು, ಶೀಲ್ಡನ್ನು ಒಂದು ತುದಿಯಲ್ಲಿ ಮಾತ್ರ ಅರ್ತ್ ಮಾಡಬೇಕು. ಸುರುಳಿ ಇರುವ ವಿಆರ್ ಸೆನ್ಸರಿನ ಎರಡು ವೈರು ಅದಲುಬದಲಾದರೆ ಗಾಡಿ ಸ್ಟಾರ್ಟ್ ಆಗುತ್ತದೆ, ಸ್ಪೀಡ್ ಏರಿದಂತೆ ಮಿಸ್ ಹೊಡೆಯುತ್ತದೆ, ಟೈಮಿಂಗ್ ತಾನೇ ತಾನಾಗಿ ಸರಿಯುತ್ತದೆ. ಇದನ್ನು ಪೆಟ್ರೋಲ್ ತೊಂದರೆ ಎಂದು ತಿಳಿದು ವಾರಗಟ್ಟಲೆ ಹುಡುಕುವವರಿದ್ದಾರೆ.

ಟೈಮಿಂಗ್ ಲೈಟ್ ಹಿಡಿಯದೆ ಮುಂದೆ ಹೋಗಬಾರದು. ಇಸಿಯುವಿನಲ್ಲಿ ಟೈಮಿಂಗನ್ನು 10 ಡಿಗ್ರಿಗೆ ನಿಲ್ಲಿಸಿ ಪುಲ್ಲಿಯ ಗುರುತಿನಲ್ಲೂ 10 ಕಾಣುತ್ತದೆಯೇ ನೋಡಿ. ಪರದೆ 15 ಎಂದು ತೋರಿಸುವಾಗ ಎಂಜಿನ್ನಿನಲ್ಲಿ ನಿಜಕ್ಕೂ 22 ಇದ್ದರೆ ಎಷ್ಟು ಜಾಣತನದ ಮ್ಯಾಪ್ ಬರೆದರೂ ಪ್ರಯೋಜನವಿಲ್ಲ. 2000ದಲ್ಲೂ 4000 ಆರ್‌ಪಿಎಂನಲ್ಲೂ ಎರಡು ಸಲ ನೋಡಿ; ಸ್ಪೀಡಿನೊಂದಿಗೆ ಗುರುತು ಸರಿದರೆ ಸೆನ್ಸರ್ ಸೆಟ್ಟಿಂಗ್ ತಪ್ಪಿದೆ ಎಂದರ್ಥ.

ಮ್ಯಾಪ್ ಸೆನ್ಸರ್ ಸರಿಯಿದೆಯೇ ಎಂದು ತಿಳಿಯಲು ನಮ್ಮ ಊರಿನ ಎತ್ತರವೇ ಸಾಕು. ಕೀಲಿ ತಿರುಗಿಸಿ ಎಂಜಿನ್ ಸ್ಟಾರ್ಟ್ ಮಾಡದೆ ಪರದೆ ನೋಡಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ, ಹಾಗಾಗಿ 92–93 ಕಿಲೋಪ್ಯಾಸ್ಕಲ್ ಕಾಣಬೇಕು. ಮಂಡ್ಯದಲ್ಲಿ ಒಂದು ಅಂಕಿ ಹೆಚ್ಚು. 101 ಎಂದು ತೋರಿಸಿದರೆ ಸೆನ್ಸರಿನ ಅಳತೆಯನ್ನು ಇಸಿಯುವಿಗೆ ತಪ್ಪಾಗಿ ಹೇಳಿಕೊಟ್ಟಿದ್ದೀರಿ. ಚಾಮುಂಡಿ ಬೆಟ್ಟದ ಮೇಲೆ ಇದೇ ಅಂಕಿ ಇನ್ನೂ ಮೂರು ಇಳಿಯುತ್ತದೆ. ಆ ಸೆನ್ಸರಿನ ಪೈಪು ಚಿಕ್ಕದಾಗಿ, ನೇರವಾಗಿ ಮ್ಯಾನಿಫೋಲ್ಡಿನಿಂದ ಬರಬೇಕು. ವೇಸ್ಟ್‌ಗೇಟಿಗೋ (ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು) ಬೂಸ್ಟ್ ಮೀಟರಿಗೋ ಅದರಿಂದ ಕವಲು ತೆಗೆಯಕೂಡದು. ಗಾಳಿಯ ಶಾಖದ ಸೆನ್ಸರನ್ನು ಕಾದ ಅಲ್ಯೂಮಿನಿಯಂ ಮ್ಯಾನಿಫೋಲ್ಡಿನ ಮೈಯಲ್ಲಿ ಕೂರಿಸಿದರೆ ಅದು ಲೋಹದ ಶಾಖವನ್ನೇ ಓದಿ, ಗಾಳಿ ತೆಳುವಾಗಿದೆ ಎಂದು ಇಸಿಯುವಿಗೆ ಹೇಳಿ, ಪೆಟ್ರೋಲ್ ಕಡಿಮೆ ಮಾಡಿಸುತ್ತದೆ. ಅದರ ಜಾಗ ಪೈಪಿನ ನಡುವೆ, ಥ್ರಾಟಲಿಗೆ ಮುಂಚೆ.

ಈಗ ಟರ್ಬೊ. ಡೀಸೆಲ್ ಕಾರಿನದು ಅಗ್ಗವಾದರೂ ಬೇಡ. ಡೀಸೆಲ್ ಎಂಜಿನ್ನಿನ ಎಕ್ಸಾಸ್ಟ್ ಶಾಖ ಸಾಮಾನ್ಯವಾಗಿ 750–800 ಡಿಗ್ರಿ ದಾಟುವುದಿಲ್ಲ. ಪೆಟ್ರೋಲ್ ಎಂಜಿನ್ ಪೂರ್ತಿ ಎಳೆಯುವಾಗ 900 ದಾಟುತ್ತದೆ. ಆ ಶಾಖಕ್ಕೆ ಡೀಸೆಲ್ ಟರ್ಬೊದ ಹೌಸಿಂಗ್ ಸೀಳುತ್ತದೆ, ಸರಿದಾಡುವ ರೆಕ್ಕೆಗಳಿರುವ ಬಗೆಯದಾದರೆ ರೆಕ್ಕೆಗಳು ಕಚ್ಚಿಕೊಂಡು ಬೂಸ್ಟ್ ಕೈತಪ್ಪುತ್ತದೆ. 1 ಲೀಟರಿನಿಂದ 1.4 ಲೀಟರಿನ ಪೆಟ್ರೋಲ್ ಟರ್ಬೊ ಕಾರುಗಳ ಟರ್ಬೊ, ಅದರಲ್ಲೂ ಒತ್ತಡದಿಂದಲೇ ತೆರೆಯುವ ಮಾಮೂಲಿ ವೇಸ್ಟ್‌ಗೇಟ್ ಇರುವುದು ಹೊಂದುತ್ತದೆ. ಮೋಟರಿನಿಂದ ತೆರೆಯುವ ವೇಸ್ಟ್‌ಗೇಟಿಗೆ ಬೇರೆ ಕಂಟ್ರೋಲರ್ ಬೇಕಾಗುತ್ತದೆ. ಕೊಳ್ಳುವಾಗ ಶಾಫ್ಟ್ ಹಿಡಿದು ಅಲ್ಲಾಡಿಸಿ. ಬುಷ್ ಬೇರಿಂಗಿನ ಟರ್ಬೊದಲ್ಲಿ ಅಡ್ಡಕ್ಕೆ ಸ್ವಲ್ಪ ಆಟ ಇರುವುದು ಸಹಜ. ಉದ್ದಕ್ಕೆ ಹಿಂದೆಮುಂದೆ ಆಡುವುದು ಕೈಗೆ ತಿಳಿದರೆ, ಅಥವಾ ರೆಕ್ಕೆ ಹೌಸಿಂಗಿಗೆ ಉಜ್ಜಿದ ಗುರುತಿದ್ದರೆ ಬಿಟ್ಟುಬಿಡಿ.

ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಸೈಲೆನ್ಸರ್ ಪೈಪು ನಿಲ್ಲದು. ಗೋಡೆ 3 ಮಿ.ಮೀ ದಪ್ಪದ ಪೈಪು, 12 ಮಿ.ಮೀ ದಪ್ಪದ ಫ್ಲ್ಯಾಂಜು ಬೇಕು. ವೆಲ್ಡಿಂಗ್ ಆದ ಮೇಲೆ ಫ್ಲ್ಯಾಂಜು ಬಾಗಿಯೇ ಬಾಗಿರುತ್ತದೆ, ಮತ್ತೆ ಮಷೀನಿಗೆ ಕೊಟ್ಟು ಮಟ್ಟ ಮಾಡಿಸಬೇಕು. ಟರ್ಬೊದ ಭಾರವನ್ನು ಮ್ಯಾನಿಫೋಲ್ಡಿನ ಮೇಲೇ ಬಿಡದೆ ಬ್ಲಾಕಿನಿಂದ ಒಂದು ಬ್ರ್ಯಾಕೆಟ್ ಕೊಡಿ. ಕಾದು ಹಿಗ್ಗಲು ಅದರಲ್ಲಿ ಉದ್ದನೆಯ ತೂತಿರಲಿ.

ಆಯಿಲ್ ಒಳಗೆ ಹೋಗುವ ದಾರಿಗಿಂತ ಹೊರಗೆ ಬರುವ ದಾರಿಯ ಕಡೆ ಹೆಚ್ಚು ಗಮನ ಬೇಕು. ಟರ್ಬೊದಿಂದ ಹೊರಬರುವ ಆಯಿಲ್‌ಗೆ ಒತ್ತಡವಿಲ್ಲ, ಅದು ನೊರೆಯಾಗಿ ತನ್ನ ಭಾರದಿಂದಲೇ ಇಳಿಯಬೇಕು. ಪೈಪಿನ ಒಳಗಿನ ಅಗಲ 14–16 ಮಿ.ಮೀ, ನೇರ ಕೆಳಮುಖ, ಸಂಪಿನಲ್ಲಿ (ಎಂಜಿನ್ ತಳದ ಆಯಿಲ್ ತೊಟ್ಟಿಯಲ್ಲಿ) ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಪೈಪು ಬಳುಕಿದರೆ, ಆಯಿಲಿನೊಳಗೆ ಮುಳುಗಿದರೆ ಟರ್ಬೊದಲ್ಲಿ ಆಯಿಲ್ ನಿಂತು ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ಆಗ ‘ಸೀಲ್ ಹೋಯಿತು’ ಎಂದು ಒಳ್ಳೆಯ ಟರ್ಬೊವನ್ನೇ ಬದಲಿಸಿಬಿಡುತ್ತಾರೆ. ಆಯಿಲ್ ದಾರಿಯಲ್ಲಿ ಎಲ್ಲೂ ಸಿಲಿಕೋನ್ ಪೇಸ್ಟ್ ಹಚ್ಚಬೇಡಿ. ಅದರ ಒಂದು ಎಳೆ ಒಳಹೋಗುವ ತೂತು ಮುಚ್ಚಿದರೆ ಬೇರಿಂಗ್ ಕ್ಷಣದಲ್ಲಿ ಹೋಗುತ್ತದೆ. ತಾಮ್ರದ ವಾಷರ್ ಸಾಕು. ಕ್ರ್ಯಾಂಕ್‌ಕೇಸ್ ಬ್ರೀದರಿನಿಂದ ಮ್ಯಾನಿಫೋಲ್ಡಿಗೆ ಹೋಗುವ ಪೈಪಿಗೂ ಬ್ರೇಕ್ ಬೂಸ್ಟರಿನ ಪೈಪಿಗೂ ಹಿಂದಕ್ಕೆ ಗಾಳಿ ಬಿಡದ ವಾಲ್ವ್ ಇರಲೇಬೇಕು. ಇಲ್ಲದಿದ್ದರೆ ಬೂಸ್ಟ್ ಸಂಪಿಗೆ ನುಗ್ಗಿ ಆಯಿಲ್ ಸೀಲುಗಳನ್ನು ಹೊರಗೆ ತಳ್ಳುತ್ತದೆ.

ಇಂಟರ್‌ಕೂಲರ್ ಬೇಕೇ ಎಂದು ಕೇಳುವವರಿಗೆ ಲೆಕ್ಕ ಇಷ್ಟೇ: 35 ಡಿಗ್ರಿಯ ಬಿಸಿಲಿನಲ್ಲಿ ಅರ್ಧ ಬಾರಿಗೆ ಒತ್ತಿದ ಗಾಳಿ ಟರ್ಬೊದಿಂದ ಹೊರಬೀಳುವಾಗ 90 ಡಿಗ್ರಿ ದಾಟಿರುತ್ತದೆ. ಬೇಕು. ಪೈಪುಗಳ ತುದಿಯಲ್ಲಿ ಏಣು ಎಬ್ಬಿಸಿರಲಿ, ಇಲ್ಲದಿದ್ದರೆ ಹೋಸು ಜಾರುತ್ತದೆ. ಜೋಡಿಸಿದ ಮೇಲೆ ಅರ್ಧ ಬಾರ್ ಗಾಳಿ ತುಂಬಿ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ನೋಡಿ.

ಮೊದಲ ಬೂಸ್ಟಿಗೆ ವೇಸ್ಟ್‌ಗೇಟಿನ ಸ್ಪ್ರಿಂಗ್ 0.3–0.4 ಬಾರಿನದಿರಲಿ, ಬೂಸ್ಟ್ ಕಂಟ್ರೋಲರ್ ಬೇಡ. ವೇಸ್ಟ್‌ಗೇಟಿನ ಪೈಪು ಟರ್ಬೊದ ಗಾಳಿ ಹೊರಬೀಳುವ ಬಾಯಿಯಿಂದ ಬಂದು, ಎರಡು ತುದಿಗೂ ಕ್ಲಾಂಪು ಬಿದ್ದಿರಲಿ. ಅದೊಂದು ಪೈಪು ಕಳಚಿದರೆ ಬೂಸ್ಟಿಗೆ ಮಿತಿಯೇ ಇಲ್ಲ. ಅದಕ್ಕೆಂದೇ ಇಸಿಯುವಿನಲ್ಲಿ ವಾತಾವರಣದ ಒತ್ತಡವೂ ಸೇರಿ 160 ಕಿಲೋಪ್ಯಾಸ್ಕಲ್ ದಾಟಿದರೆ ಪೆಟ್ರೋಲ್ ನಿಲ್ಲುವಂತೆ ಬರೆದಿಡಬೇಕು. ಎಂಜಿನ್ ತಿರುಗುವುದು ನಿಂತರೆ ಪಂಪೂ ನಿಲ್ಲಬೇಕು, ಗಾಡಿ ಮಗುಚಿದಾಗ ಜೀವ ಉಳಿಸುವುದು ಇದೇ.

ವೈಡ್‌ಬ್ಯಾಂಡ್ ಮೀಟರನ್ನು ಗಾಳಿ–ಪೆಟ್ರೋಲ್ ಅನುಪಾತದಲ್ಲಿ ಓದದೆ ಲ್ಯಾಂಬ್ಡಾದಲ್ಲಿ ಓದಿ. ಅದರಲ್ಲಿ 1 ಎಂದರೆ ಗಾಳಿಗೆ ಸರಿಯಾದಷ್ಟು ಇಂಧನ, 1ಕ್ಕಿಂತ ಕಡಿಮೆ ಎಂದರೆ ಇಂಧನ ಹೆಚ್ಚು. ಇ20 ಹಾಕಿದರೂ ಮೀಟರ್ ತನ್ನ ಹಳೆಯ ಪೆಟ್ರೋಲ್ ಲೆಕ್ಕದಲ್ಲೇ 14.7 ಎನ್ನುತ್ತಿರುತ್ತದೆ, ಲ್ಯಾಂಬ್ಡಾ 1 ಎಂಬುದು ಯಾವ ಇಂಧನಕ್ಕೂ ಒಂದೇ. ಸಮನಾಗಿ ಓಡುವಾಗ 1, ಬೂಸ್ಟಿನಲ್ಲಿ 0.78ರಿಂದ 0.82. ಬೂಸ್ಟಿನಲ್ಲಿ 0.85 ದಾಟಿದ ಕ್ಷಣ ಕಾಲು ತೆಗೆಯಬೇಕು. ಟೈಮಿಂಗಿಗೆ ಹಳೆಯ ಲೆಕ್ಕ ಈಗಲೂ ಒಳ್ಳೆಯದು: ಒಂದು ಪಿಎಸ್‌ಐ ಬೂಸ್ಟಿಗೆ ಒಂದು ಡಿಗ್ರಿ ಹಿಂದಕ್ಕೆ. ಪೂರ್ತಿ ಬೂಸ್ಟಿನಲ್ಲಿ, ಟಾರ್ಕ್ ಹೆಚ್ಚಿರುವ ಕಡೆ 10–12 ಡಿಗ್ರಿಯಿಂದ ಶುರುಮಾಡಿ, ಒಂದೊಂದೇ ಡಿಗ್ರಿ ಏರಿಸಿ. ಎಳೆತ ಹೆಚ್ಚುವುದು ನಿಂತ ಕಡೆ ಏರಿಸುವುದನ್ನೂ ನಿಲ್ಲಿಸಿ. ನಾಕ್ ಸೆನ್ಸರ್ ಇದ್ದರೆ 74 ಮಿ.ಮೀ ಬೋರಿಗೆ ಅದು ಕೇಳಬೇಕಾದ ಸದ್ದು ಸುಮಾರು 7.7 ಕಿಲೋಹರ್ಟ್ಸ್. ಇಲ್ಲದಿದ್ದರೆ ಪ್ರತಿ ಎಳೆತದ ನಂತರ ಪ್ಲಗ್ ಬಿಚ್ಚಿ ಭೂತಕನ್ನಡಿಯಲ್ಲಿ ನೋಡಿ. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿಯಂತೆ ಸಣ್ಣ ಚುಕ್ಕೆ, ಹೊಳೆಯುವ ಲೋಹದ ಕಣ ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಅಲ್ಲಿಗೆ ನಿಲ್ಲಿಸಿ, ಟೈಮಿಂಗ್ ಮೂರು ಡಿಗ್ರಿ ಇಳಿಸಿ, ಪೆಟ್ರೋಲ್ ಒತ್ತಡ ಮತ್ತೆ ಅಳೆಯಿರಿ.

ಕ್ಲಚ್, ರೇಡಿಯೇಟರ್ ಇವನ್ನು ಹೇಳಬೇಕಾಗಿಲ್ಲ. ಬ್ರೇಕ್ ಮಾತ್ರ ಹೇಳಲೇಬೇಕು. ನಾಲ್ಕೂ ಕಡೆ ಡ್ರಮ್ ಇರುವ ಹಳೆಯ ಜೀಪ್ ಚಾಸಿಗೆ 110 ಅಶ್ವಶಕ್ತಿ ಹಾಕುವ ಮೊದಲು ಮುಂದೆ ಡಿಸ್ಕ್ ಬರಬೇಕು.

ಕಾನೂನಿನ ವಿಷಯ ಸ್ಪಷ್ಟ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ನಿಗದಿಮಾಡಿದ ಮೂಲ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಇಂಥ ಟ್ರಕ್ಕಿನ ಜಾಗ ಸ್ವಂತ ಜಮೀನು ಮತ್ತು ಸ್ಪರ್ಧೆಯ ಬಯಲು. ಹಾಗಿದ್ದೂ ಟ್ಯೂನಿಂಗ್ ಎಲ್ಲಿ ನಡೆಯುತ್ತದೆ? ರಾತ್ರಿ ರಿಂಗ್ ರಸ್ತೆಯಲ್ಲಿ, ಒಬ್ಬ ಓಡಿಸುತ್ತಾ, ಪಕ್ಕದಲ್ಲಿ ಇನ್ನೊಬ್ಬ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು. ಇದು ಅವರಿಗೂ ದಾರಿಹೋಕರಿಗೂ ಅಪಾಯ, ಕಾನೂನಿಗೂ ವಿರುದ್ಧ. ಗದರಿಸಿದರೆ ಇದು ನಿಲ್ಲುವುದಿಲ್ಲ, ಬೇರೆ ಜಾಗ ಕೊಟ್ಟರೆ ನಿಲ್ಲುತ್ತದೆ.

ಆ ಜಾಗ ಈಗಾಗಲೇ ನಮ್ಮಲ್ಲಿದೆ. ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳ ಮೆಕ್ಯಾನಿಕಲ್ ವಿಭಾಗದಲ್ಲಿ ಡೈನಮೋಮೀಟರಿಗೆ (ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರಕ್ಕೆ) ಜೋಡಿಸಿದ ಎಂಜಿನುಗಳಿರುತ್ತವೆ. ಮೋರ್ಸ್ ಟೆಸ್ಟ್ ಮಾಡಿಸಲೆಂದೇ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಇಟ್ಟಿರುತ್ತಾರೆ. ವಿದ್ಯಾರ್ಥಿಗಳು ಒಂದೊಂದೇ ಸಿಲಿಂಡರಿನ ಕಿಡಿ ನಿಲ್ಲಿಸಿ ಲೆಕ್ಕ ಬರೆದುಕೊಳ್ಳುತ್ತಾರೆ, ಪ್ರಯೋಗ ಮುಗಿಯುತ್ತದೆ. ಅದೇ ಎಂಜಿನ್ನಿಗೆ ಮ್ಯಾಪ್ ಬರೆಯಬಹುದಾದ ಒಂದು ಇಸಿಯು, ಒಂದು ವೈಡ್‌ಬ್ಯಾಂಡ್ ಸೆನ್ಸರ್ ಜೋಡಿಸಿದರೆ ಟೈಮಿಂಗ್ ಒಂದು ಡಿಗ್ರಿ ಸರಿದಾಗ ಟಾರ್ಕ್ ಎಷ್ಟು ಬದಲಾಗುತ್ತದೆ, ಲ್ಯಾಂಬ್ಡಾ 1ರಿಂದ 0.8ಕ್ಕೆ ಇಳಿದಾಗ ಎಕ್ಸಾಸ್ಟ್ ಶಾಖ ಏನಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಬಹುದು. ಶನಿವಾರಗಳಲ್ಲಿ ಈ ಪ್ರಯೋಗಾಲಯವನ್ನು ಶುಲ್ಕ ಪಡೆದು ಹೊರಗಿನ ಮೆಕ್ಯಾನಿಕ್‌ಗಳಿಗೂ ಮೋಟಾರ್ ವೆಹಿಕಲ್ ಟ್ರೇಡಿನ ಐಟಿಐ ವಿದ್ಯಾರ್ಥಿಗಳಿಗೂ ತೆರೆಯಬೇಕು. ಮೇಲ್ವಿಚಾರಣೆಗೆ ಒಬ್ಬ ಅಧ್ಯಾಪಕರು, ಒಬ್ಬ ಲ್ಯಾಬ್ ಸಹಾಯಕರು, ಹೊಗೆ ಹೊರಹಾಕುವ ವ್ಯವಸ್ಥೆ, ಬೆಂಕಿ ಆರಿಸುವ ಸಿಲಿಂಡರ್ ಇದ್ದರೆ ಶುರುಮಾಡಬಹುದು. ಪಾಠ ಕನ್ನಡದಲ್ಲಿರಲಿ, ಏಕೆಂದರೆ ಎಂಜಿನ್ ಬಿಚ್ಚಿ ಜೋಡಿಸುವ ಕೈಗಳಲ್ಲಿ ಹೆಚ್ಚಿನವು ಕನ್ನಡದಲ್ಲೇ ಕೆಲಸ ಕಲಿತವು.

ಪ್ರಾಂಶುಪಾಲರು ಒಪ್ಪಿದರೆ ಮೊದಲ ಹಂತಕ್ಕೆ ಮೇಲೆ ಹೇಳಿದ ಪಂಪಿನ ಅಳತೆ, ಇಂಜೆಕ್ಟರ್ ಅಳತೆ, ಟೈಮಿಂಗ್ ಲೈಟ್ ಪರೀಕ್ಷೆ ಈ ಮೂರನ್ನು ಕಲಿಸಿದರೂ ಸಾಕು. ಇವಕ್ಕೆ ಡೈನಮೋಮೀಟರ್ ಕೂಡ ಬೇಕಾಗಿಲ್ಲ, ಮುಂದಿನ ಶನಿವಾರವೇ ಮಾಡಬಹುದು.

ಇಂತಿ,
ಒಬ್ಬ ಎಂಜಿನ್ ಮೆಕ್ಯಾನಿಕ್, ಮಂಡ್ಯ